ದುಕ್ಮ್ ಪ್ರಾಜೆಕ್ಟಿನಿಂದ ಎಲ್ಲರನ್ನೂ ಹೊರಗೆ ಹಾಕಿದ ಶನಿವಾರ

ನಮ್ಮ ಆಫೀಸಿನಲ್ಲಿ ಹೊಸ ಪ್ರಾಜೆಕ್ಟ್ ತೆರೆಯುವ ಕೆಲಸ ನನ್ನದು. ನಾನು ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷಿನಲ್ಲಿ ಅಕ್ಷರ ಗೊತ್ತು, ಅಂಕೆ ಗೊತ್ತು, ದಿನಾ ಕಣ್ಣಿಗೆ ಬೀಳುವ ಇಪ್ಪತ್ತು ಮೂವತ್ತು ಶಬ್ದ ಗೊತ್ತು. ಉದ್ದ ಬರೆದಿದ್ದರೆ ಗೊತ್ತಾಗುವುದಿಲ್ಲ.

ಆಫೀಸು ಒಮಾನಿನ ಮಸ್ಕತ್ತಿನಲ್ಲಿ, ದಾರ್ಸೈಟ್ ಎಂಬಲ್ಲಿ, ಎರಡನೇ ಮಾಳಿಗೆಯ ಒಂದು ಫ್ಲ್ಯಾಟು. ಕಟ್ಟಡಗಳ ನಕ್ಷೆ ಮಾಡುವುದು ಅಲ್ಲಿಯ ಕೆಲಸ. ನಾನು ಚಹಾ ಮಾಡುತ್ತೇನೆ, ಗುಡಿಸುತ್ತೇನೆ. ಕಾಗದದ ಕಾಲದಲ್ಲಿ ನಕ್ಷೆಯ ದೊಡ್ಡ ಹಾಳೆಗಳನ್ನು ಪ್ರಿಂಟ್ ತೆಗೆದು, ಹೆಸರಿನ ಚೌಕ ಮೇಲೆ ಬರುವ ಹಾಗೆ ಮಡಚಿ, ಯಾರ ಸೆಟ್ ಯಾರಿಗೆ ಎಂದು ವಿಂಗಡಿಸಿ ಕಳಿಸುವವಳೂ ನಾನೇ. ಆಮೇಲೆ ಎಲ್ಲವೂ ಆನ್‌ಲೈನ್ ಆಯಿತು. ನಕ್ಷೆ ಬರೆಯುವುದು, ಇಡುವುದು, ಹಂಚುವುದು, ಸಹಿ ಹಾಕುವುದು ಎಲ್ಲ ಒಂದೇ ಸಾಫ್ಟ್‌ವೇರಿನೊಳಗೆ.

ಮೊದಲ ಆನ್‌ಲೈನ್ ಪ್ರಾಜೆಕ್ಟ್ ಮಸ್ಕತ್ತಿನದೇ ಅಲ್ ಮವಾಲೇಹ್‌ನ ಒಂದು ಮನೆ. ಮೊದಲನೆಯದಾದ್ದರಿಂದ ಅದರ ಹಾಳೆಗಳನ್ನು ಕಾಗದದಲ್ಲೂ ತೆಗೆದಿಟ್ಟೆವು. ಅದನ್ನು ತೆರೆಯುವಾಗ ಮ್ಯಾನೇಜರಿಗೆ ಫೋನ್ ಬಂತು. "ಬಾಯಮ್ಮ, ಆ ನೀಲಿ ಬಟನ್ ಒತ್ತಿಬಿಡಿ" ಎಂದು ಎದ್ದು ಹೋದರು. ಒತ್ತಿದೆ. ಆ ಮನೆಯ ಫೈಲು ಮುನಿಸಿಪಾಲಿಟಿಯಲ್ಲಿ ಒಂದೇ ಒಂದು ಆಕ್ಷೇಪ ಇಲ್ಲದೆ ಪಾಸಾಯಿತು. ಹಾಗೆ ಪಾಸಾದದ್ದನ್ನು ಆಫೀಸಿನಲ್ಲಿ ಯಾರೂ ನೋಡಿರಲಿಲ್ಲ. ಮ್ಯಾನೇಜರು ಉಡುಪಿ ಕಡೆಯವರು, ಎಂಜಿನಿಯರಿಂಗ್ ಓದಿದವರು, ಆದರೂ ಅಂದಿನಿಂದ ನನ್ನದು ಒಳ್ಳೆಯ ಕೈಗುಣ ಎಂದು ಅವರ ತಲೆಗೆ ಹೊಕ್ಕಿತು. ಆ ಮವಾಲೇಹ್ ಫೈಲಿಗೂ ಕೈಗುಣ ಉಂಟಂತೆ. ಹೊಸ ಪ್ರಾಜೆಕ್ಟ್ ಯಾವುದೇ ಬರಲಿ, ಖಾಲಿಯಿಂದ ಶುರು ಮಾಡುವ ಹಾಗಿಲ್ಲ. ಮವಾಲೇಹ್‌ನಿಂದ ಕಾಪಿ ತೆಗೆಯಬೇಕು, ಅದನ್ನು ನಾನೇ ಒತ್ತಬೇಕು. ಅವರ ಹುಚ್ಚು ಅವರಿಗೆ ಎಂದು ಒತ್ತುತ್ತಿದ್ದೆ.

ಕಾಪಿ ತೆಗೆಯುವಾಗ ನಾಲ್ಕು ಸಣ್ಣ ಚೌಕ ಬರುತ್ತವೆ. ಮೊದಲನೆಯದು ಫೋಲ್ಡರುಗಳು. ಎರಡನೆಯದು ಜನರು. ಮೂರನೆಯದು ಯಾರಿಗೆ ಎಷ್ಟು ಅಧಿಕಾರ ಎಂಬುದು. ನಾಲ್ಕನೆಯದು ಹಳೆಯ ಹಾಳೆಗಳು. ಮೇಲಿನ ಮೂರಕ್ಕೆ ಟಿಕ್ ಹಾಕಿ ಕೆಳಗಿನದನ್ನು ಬಿಡಬೇಕು. ಇದನ್ನು ಕಲಿಸಿದ್ದು ನಮ್ಮ ಸ್ಟ್ರಕ್ಚರ್ ಎಂಜಿನಿಯರ್. ಶಿವಮೊಗ್ಗದ ಹುಡುಗಿ, ಕಟ್ಟಡದ ಕಂಬ, ಪಾಯ ಇವುಗಳ ಲೆಕ್ಕ ಅವಳದು. ಮ್ಯಾನೇಜರ ಮನೆಮಾತು ತುಳು, ನನ್ನದು ಕೊಂಕಣಿ, ಅವಳಿಗೆ ಎರಡೂ ಬಾರದು, ಹಾಗಾಗಿ ಆಫೀಸಿನಲ್ಲಿ ಮೂವರೂ ಕನ್ನಡವೇ. ಅವಳು ನನಗೆ ಹೇಳಿದ್ದು ಇಷ್ಟು: "ರಿಮೂವ್ ಅಂದ್ರೆ ಜನರನ್ನ ಮನೆಯಿಂದ ಹೊರಗೆ ಕಳಿಸೋದು ಬಾಯಮ್ಮ, ಮತ್ತೆ ಕರೀಬಹುದು. ಡಿಲೀಟ್ ಅಂದ್ರೆ ಮನೆಗೇ ಬೆಂಕಿ ಇಡೋದು. ಡಿಲೀಟ್ ಕಡೆ ತಲೆ ಹಾಕಿ ಮಲಗ್ಬೇಡಿ."

ಮಸ್ಕತ್ತಿನಿಂದ ಐದಾರು ಗಂಟೆ ದೂರದ, ಮರುಭೂಮಿಯ ಅಂಚಿನ ದುಕ್ಮ್‌ನಲ್ಲಿ ಕೆಲಸಗಾರರಿಗೆ ಎರಡು ಮಾಳಿಗೆಯ ವಸತಿ ಕಟ್ಟಿಸುವ ಕೆಲಸ ಬಂತು. ಎಂದಿನಂತೆ ಕೂತು ಕಾಪಿ ತೆಗೆದೆ. ಮೇಲಿನ ಮೂರಕ್ಕೆ ಟಿಕ್, ಕೆಳಗಿನದು ಬಿಟ್ಟೆ. ಈ ಸಲ ಯಾರಿಗೂ ಅಧಿಕಾರ ಬಂದಿರಲಿಲ್ಲ, ಒಬ್ಬೊಬ್ಬರಿಗೂ ನಾನೇ ಕೊಡಬೇಕಾಯಿತು. ಫೋಲ್ಡರಿನಲ್ಲಿ ಆಗಲೇ ಹಾಳೆಗಳಿದ್ದವು. ಒಂದೆರಡು ತೆರೆದೆ. ಮೂಲೆಯ ಚೌಕದಲ್ಲಿ ದುಕ್ಮ್ ಎಂದೇ ಇತ್ತು. ಹುಡುಗರು ಆಗಲೇ ಕೆಲಸ ಶುರು ಮಾಡಿದ್ದಾರೆ ಎಂದುಕೊಂಡು ಮುಚ್ಚಿದೆ. ಯಾರನ್ನೂ ಕೇಳಲಿಲ್ಲ. ಕೇಳಬೇಕಿತ್ತು.

ಎರಡು ತಿಂಗಳು ಕಳೆಯಿತು. ನಕ್ಷೆ ಮುಗಿಯಿತು, ಮಂಜೂರಾಯಿತು, ಸೈಟಿನಲ್ಲಿ ಅಗೆಯಲು ಶುರು ಮಾಡಿದರು.

ಆ ಶನಿವಾರ ಆಫೀಸಿಗೆ ರಜೆ. ರಜೆಯ ದಿನವೇ ನೆಲ ಸರಿಯಾಗಿ ಒರೆಸಲು ಆಗುವುದೆಂದು ನಾನು ಹೋಗಿದ್ದೆ. ಹತ್ತು ಗಂಟೆಗೆ ಆಫೀಸಿನ ಮೊಬೈಲು ಹೊಡೆದುಕೊಂಡಿತು. ದುಕ್ಮ್‌ನ ಫೋರ್‌ಮನ್. ಹೈದರಾಬಾದಿನವನು, ಹಿಂದಿಯಲ್ಲಿ ಮಾತಾಡುತ್ತಾನೆ, ನನ್ನನ್ನು ಚಿಕ್ಕಮ್ಮ ಎಂಬ ಅರ್ಥದಲ್ಲಿ ಖಾಲಾ ಎನ್ನುತ್ತಾನೆ.

"ಖಾಲಾ, ಎಂಜಿನಿಯರ್ ಮೇಡಂ ಇದ್ದಾರಾ?"

"ರಜೆ. ಊರಿಗೆ ಹೊರಟಿದ್ದಾಳೆ. ಏನು?"

"ಏನಿಲ್ಲ, ಒಂದು ತಮಾಷೆ. ಎಸ್ ಐದನೇ ಹಾಳೆಯಲ್ಲಿ ಒಂದು ಪಾಯದ ಮೂಲೆ ಕತ್ತರಿಸಿದ್ದಾರೆ. ಪಕ್ಕದವರ ಗೋಡೆ ಇದೆಯಂತೆ. ಇಲ್ಲಿ ಪಕ್ಕದವರು ಅಂದರೆ ಒಂಟೆಗಳು. ಒಂಟೆಗೆ ಗೋಡೆ ಕಟ್ಟಿಸಿಕೊಡಬೇಕಾ, ಮೇಡಂ ಹತ್ತಿರ ಕೇಳಿ."

ಅವನು ನಗುತ್ತಿದ್ದ. ಹಿಂದೆ ಗಾಳಿಯ ಸದ್ದು. ಆ ಗೋಡೆ ನನಗೆ ಗೊತ್ತು. ಅದು ಮವಾಲೇಹ್‌ನಲ್ಲಿ ಪಕ್ಕದ ಮನೆಯವನ ಕಾರು ನಿಲ್ಲಿಸುವ ಶೆಡ್ಡಿನ ಗೋಡೆ. ಫೈಲು ಮುನಿಸಿಪಾಲಿಟಿಗೆ ಹೋಗುವ ಮೊದಲೇ ಅವನು ತಕರಾರು ತೆಗೆದು, ಪಾಯದ ಮೂಲೆ ಕತ್ತರಿಸಿ, ಆ ಹಾಳೆ ನಾಲ್ಕು ಸಲ ಬದಲಾಗಿತ್ತು. ನಾಲ್ಕು ಸಲವೂ ಪ್ರಿಂಟ್ ತೆಗೆದು ಮಡಚಿದವಳು ನಾನು.

"ಎಷ್ಟು ಆಳ ಅಗೆದಿದ್ದೀರಿ?"

"ಹಾಳೆಯಲ್ಲಿ ಇದ್ದಷ್ಟು. ಒಂದು ಮೀಟರು ಇಪ್ಪತ್ತು."

"ಕಾಂಕ್ರೀಟು ಯಾವಾಗ?"

"ಇವತ್ತೇ. ಬೇಸಿಗೆ ಅಲ್ಲವಾ, ಮಧ್ಯಾಹ್ನ ಹೊರಗೆ ಕೆಲಸ ಮಾಡಿಸುವ ಹಾಗಿಲ್ಲ. ಮೂರು ಗಂಟೆಗೆ ಇನ್‌ಸ್ಪೆಕ್ಟರ್ ಬಂದು ಸಹಿ ಹಾಕುತ್ತಾನೆ, ಮೂರೂವರೆಗೆ ಲಾರಿ ಬರುತ್ತದೆ."

"ನಿಲ್ಲಿಸು."

"ಯಾರ ಆರ್ಡರು ಖಾಲಾ?"

"ನಾನು ಹೇಳುತ್ತಿದ್ದೇನೆ. ಹಾಳೆ ತಪ್ಪು."

"ಚಹಾ ಮಾಡುವ ಖಾಲಾ ಹೇಳಿದಳು ಅಂತ ನಾನು ನಿಲ್ಲಿಸಿದರೆ ನಾಳೆ ನನ್ನನ್ನು ಬಸ್ಸು ಹತ್ತಿಸುತ್ತಾರೆ. ಎಂಜಿನಿಯರ್ ಹತ್ತಿರ ಹೇಳಿಸಿ, ಈಗಲೇ ನಿಲ್ಲಿಸುತ್ತೇನೆ."

ಅವನ ಮಾತು ನ್ಯಾಯವೇ.

ನಾನು ಹಿಂದಿನ ಕೋಣೆಗೆ ಹೋಗಿ ಮವಾಲೇಹ್‌ನ ಹಳೆಯ ಕಾಗದದ ಫೈಲು ತಂದೆ. ಎಸ್ ಐದು ಬಿಡಿಸಿ ಮೇಜಿನ ಮೇಲೆ ಹಾಸಿದೆ. ಕಂಪ್ಯೂಟರಿನಲ್ಲಿ ದುಕ್ಮ್‌ನ ಎಸ್ ಐದು ತೆರೆದೆ. ಒಂದೊಂದು ಗೆರೆಯ ಮೇಲೆ ಬೆರಳಿಟ್ಟು ನೋಡಿದೆ. ಕತ್ತರಿಸಿದ ಮೂಲೆ ಅದೇ, ಗೋಡೆ ಅದೇ, ಆಳ ಅದೇ, ಕಬ್ಬಿಣದ ಅಂಕೆ ಅದೇ. ಮೂಲೆಯ ಹೆಸರಿನ ಚೌಕ ಮಾತ್ರ ಬೇರೆ. ಕಾಗದದಲ್ಲಿ ಮವಾಲೇಹ್, ಪರದೆಯಲ್ಲಿ ದುಕ್ಮ್. ಆಗ ನನಗೆ ಹೊಳೆಯಿತು. ಈ ಸಾಫ್ಟ್‌ವೇರಿನಲ್ಲಿ ಹೆಸರನ್ನು ಯಾರೂ ಹಾಳೆಯ ಮೇಲೆ ಬರೆಯುವುದಿಲ್ಲ. ಪ್ರಾಜೆಕ್ಟಿಗೆ ಏನು ಹೆಸರಿಟ್ಟರೆ ಅದು ತಾನಾಗಿ ಎಲ್ಲ ಹಾಳೆಗಳ ಮೂಲೆಗೂ ಹೋಗಿ ಕೂರುತ್ತದೆ. ಹಳೆಯ ಹಾಳೆ ಹೊಸ ಹೆಸರು ಹೊತ್ತು ಕೂತಿತ್ತು. ಮಂಜೂರು ಮಾಡಿದವರೂ ಹೆಸರು ನೋಡಿ ದಾಟಿಸಿರಬೇಕು.

ಹಳೆಯ ಹಾಳೆ ಒಳಗೆ ಬಂದದ್ದು ಹೇಗೆ? ಕಾಪಿ ತೆಗೆಯುವ ಜಾಗವನ್ನು ತೆರೆದು ನೋಡಿದೆ, ಒತ್ತಲಿಲ್ಲ. ನಾಲ್ಕು ಚೌಕ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಹಾಳೆಗಳು ಎಂಬುದು ಈಗ ಮೂರನೆಯ ಜಾಗದಲ್ಲಿತ್ತು. ಅಧಿಕಾರ ಎಂಬುದು ಕೆಳಗೆ ಹೋಗಿತ್ತು. ಸಾಫ್ಟ್‌ವೇರಿನವರು ಯಾವಾಗಲೋ ಜಾಗ ಬದಲಿಸಿದ್ದರು. ನಾನು ಓದಿ ಟಿಕ್ ಹಾಕುವವಳಲ್ಲ, ಜಾಗ ನೋಡಿ ಹಾಕುವವಳು. ತಪ್ಪು ನನ್ನದು.

ಗಡಿಯಾರ ನೋಡಿದೆ, ಹತ್ತೂಮುಕ್ಕಾಲು.

ಆ ಹುಡುಗಿ ಹೇಳಿದ್ದು ನೆನಪಿತ್ತು. ದುಕ್ಮ್‌ನ ಆ ಜಾಗದ ಮಣ್ಣು ಉಪ್ಪು ಬೆರೆಸಿದ ರವೆಯ ಹಾಗೆ, ಒಣಗಿದ್ದಾಗ ಗಟ್ಟಿ, ನೀರು ತಾಗಿದರೆ ಕುಸಿಯುತ್ತದೆ, ಅದಕ್ಕೆ ಅಲ್ಲಿ ಆಳಕ್ಕೆ ಹೋಗಬೇಕು ಎಂದಿದ್ದಳು. ಮವಾಲೇಹ್‌ನ ಆ ಸೈಟಿನಲ್ಲಿ ಒಂದು ಮೀಟರಿಗೇ ಬಂಡೆ ಸಿಕ್ಕಿತ್ತು. ಬಂಡೆಯ ಮೇಲಿನ ಪಾಯವನ್ನು ರವೆಯ ಮೇಲೆ ಇಟ್ಟು ಎರಡು ಮಾಳಿಗೆ ಏರಿಸಿ, ಒಂದೊಂದು ಕೋಣೆಗೆ ಎಂಟೆಂಟು ಜನರನ್ನು ಮಲಗಿಸುತ್ತಾರೆ. ಕೂಡಲೇ ಬೀಳುವುದಿಲ್ಲ. ಎರಡೋ ಮೂರೋ ವರ್ಷಕ್ಕೆ, ಒಂದು ದೊಡ್ಡ ಮಳೆಗೆ ಬೀಳಬಹುದು. ಆಗ ನಾನು ಎಲ್ಲಿರುತ್ತೇನೋ. ಅದು ಇನ್ನಷ್ಟು ಹೆದರಿಸಿತು.

ಹುಡುಗಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಹನ್ನೊಂದರ ವಿಮಾನ ಎಂದಿದ್ದಳು, ಒಳಗೆ ಹೋಗಿ ಕೂತಿರಬೇಕು. ಮಾತಿನ ಮೆಸೇಜು ಕಳಿಸಿದೆ: "ಎಸ್ ಐದು ಮವಾಲೇಹ್‌ದು. ಇಳಿದ ಕೂಡಲೇ ಫೋನ್ ಮಾಡು."

ಮ್ಯಾನೇಜರಿಗೆ ಮಾಡಿದೆ. ಅವರು ಹೆಂಡತಿ ಮಕ್ಕಳ ಜೊತೆ ಕಾರಿನಲ್ಲಿ ಸಲಾಲಾಕ್ಕೆ ಹೊರಟಿದ್ದರು. ಅಲ್ಲಿ ಈಗ ಮಳೆಯ ಕಾಲ, ಮಸ್ಕತ್ತಿನ ಸೆಕೆಗೆ ಬೆಂದವರೆಲ್ಲ ಅತ್ತ ಓಡುತ್ತಾರೆ. ನಡುವೆ ಬರೀ ಮರುಭೂಮಿ.

"ಎಂತ ಬಾಯಮ್ಮ, ರಜೆಯ ದಿನವೂ ಬಿಡುದಿಲ್ವಾ ನೀವು?"

ಹೇಳಿದೆ. ಸುತ್ತಿ ಬಳಸದೆ ಹೇಳಿದೆ. ಅವರು ಕಾರು ಬದಿಗೆ ನಿಲ್ಲಿಸಿ ಫೋನಿನಲ್ಲೇ ಹಾಳೆ ತೆರೆದರು ಅಂತ ಕಾಣುತ್ತದೆ.

"ಮೂಲೆಯಲ್ಲಿ ದುಕ್ಮ್ ಅಂತಲೇ ಉಂಟಲ್ಲ. ನಿಮಗೆ ಕನ್ನಡಕ ಬದಲಿಸುವ ಸಮಯ ಆಯ್ತು."

"ಹೆಸರು ತನ್ನಷ್ಟಕ್ಕೇ ಬರ್ತದೆ ಸಾರ್. ಗೋಡೆ ನೋಡಿ. ಅಲ್ಲಿ ಯಾವ ಗೋಡೆ?"

"ಅದು ಸ್ಟ್ಯಾಂಡರ್ಡ್ ಡೀಟೇಲ್ ಆಗಿರ್ತದೆ. ಎಲ್ಲ ಪ್ರಾಜೆಕ್ಟಿನಲ್ಲೂ ಹಾಕ್ತಾರೆ. ಮುನ್ಸಿಪಾಲಿಟಿ ನೋಡಿ ಆಗಿದೆ, ಕ್ಲೈಂಟ್ ನೋಡಿ ಆಗಿದೆ, ನೀವೊಬ್ರು ಬಾಕಿ."

"ಕಾಗದದ್ದು ಪಕ್ಕ ಇಟ್ಟು ನೋಡಿದ್ದೇನೆ. ಒಂದೇ."

"ಬಾಯಮ್ಮ, ಕೇಳಿ. ಎಂತದಕ್ಕೂ ಕೈ ಹಾಕ್ಬೇಡಿ. ನಾನು ಸಲಾಲಾದಲ್ಲಿ ಲ್ಯಾಪ್‌ಟಾಪ್ ತೆಗೆದು ನೋಡ್ತೇನೆ."

"ಕಾಂಕ್ರೀಟು ಮೂರೂವರೆಗೆ ಸಾರ್."

ಆ ಕಡೆ ಏನೂ ಕೇಳಿಸಲಿಲ್ಲ. ಫೋನು ಕಡಿದಿತ್ತು. ಮತ್ತೆ ಆರು ಸಲ ಮಾಡಿದೆ. ಆರು ಸಲವೂ ಒಬ್ಬಳು ಅರಬ್ಬಿಯಲ್ಲಿ ಏನೋ ಹೇಳಿದಳು. ಆ ದಾರಿಯಲ್ಲಿ ಗಂಟೆಗಟ್ಟಲೆ ನೆಟ್‌ವರ್ಕ್ ಸಿಗುವುದಿಲ್ಲ.

ಹನ್ನೆರಡು ಗಂಟೆ ಆಯಿತು. ತಂದಿದ್ದ ಗಂಜಿ ಮುಟ್ಟಲಿಲ್ಲ.

ನನ್ನ ಕೈಯಲ್ಲಿ ಏನಿದೆ ಎಂದು ಯೋಚಿಸಿದೆ. ಹಾಳೆ ತಿದ್ದಲು ನನಗೆ ಬಾರದು. ಆ ಹಾಳೆಯನ್ನು ಡಿಲೀಟ್ ಮಾಡಬಹುದಿತ್ತು. ಆದರೆ ಆಮೇಲೆ ಯಾವ ಹಾಳೆ ಇತ್ತು, ಏನು ತಪ್ಪಿತ್ತು ಎಂದು ತೋರಿಸಲು ಏನೂ ಉಳಿಯುವುದಿಲ್ಲ. ನನಗೆ ಗೊತ್ತಿದ್ದದ್ದು ಒಂದೇ ಕೆಲಸ, ಹಂಚುವುದು. ಕೊಟ್ಟವಳು ಹಿಂದಕ್ಕೆ ತೆಗೆದುಕೊಳ್ಳಲೂಬಹುದು. ಕಾಗದವನ್ನಾದರೆ ಆಗುತ್ತಿರಲಿಲ್ಲ.

ಮೊದಲು ಫೋರ್‌ಮನ್ ಒಬ್ಬನನ್ನು ತೆಗೆಯೋಣ ಎಂದುಕೊಂಡೆ. ಅವನ ಹೆಸರಿನ ಮುಂದೆ ಒತ್ತಿದೆ. ಇಂಗ್ಲಿಷಿನಲ್ಲಿ ಉದ್ದದ ಮಾತು ಬಂತು, ಕೆಳಗೆ ಕೆಂಪು ಬಟನ್. ಕೆಂಪು ಕಂಡು ಕೈ ಹಿಂದೆ ಬಂತು. ಬಟನ್ ಮೇಲಿನ ಅಕ್ಷರಗಳನ್ನು ಬಾಯಿಬಿಟ್ಟು ಓದಿದೆ. ಆರ್, ಇ, ಎಂ. ರಿಮೂವ್. ಡಿ ಇರಲಿಲ್ಲ. ಇನ್ನೊಮ್ಮೆ ಓದಿದೆ. ಒತ್ತಿದೆ. ಹೆಸರು ಹೋಯಿತು.

ಅವನಿಗೆ ಫೋನ್ ಮಾಡಿದೆ. "ನಿನ್ನ ಟ್ಯಾಬಿನಲ್ಲಿ ಹಾಳೆ ಕಾಣುತ್ತದಾ?"

"ಕಾಣುತ್ತದೆ ಖಾಲಾ. ಯಾಕೆ?"

"ಏನಿಲ್ಲ" ಎಂದು ಇಟ್ಟೆ. ಸೈಟಿನಲ್ಲಿ ಇಂಟರ್‌ನೆಟ್ ಆಗಾಗ ಹೋಗುತ್ತದೆಂದು ಟ್ಯಾಬು ತನ್ನೊಳಗೆ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಅವನನ್ನು ತೆಗೆದು ಪ್ರಯೋಜನವಿಲ್ಲ. ಸಹಿ ಹಾಕುವವನನ್ನು ತೆಗೆಯಬೇಕು. ಇನ್‌ಸ್ಪೆಕ್ಟರ್ ಕಾಗದ ನೋಡಿ ಸಹಿ ಹಾಕುವ ಹಾಗಿಲ್ಲ, ಒಳಗಿಟ್ಟ ಪ್ರತಿ ನೋಡಿಯೂ ಅಲ್ಲ. ಪ್ರಾಜೆಕ್ಟಿನೊಳಗೆ ಹೋಗಿ, ಹಾಳೆಯ ನಂಬರು ತಾಳೆ ನೋಡಿ, ಅಲ್ಲೇ ಒತ್ತಬೇಕು. ಅದು ಒತ್ತದೆ ಲಾರಿ ಹೊರಡುವುದಿಲ್ಲ. ನಿಯಮ ಮಾಡಿದ್ದು ಕ್ಲೈಂಟು.

ಆದರೆ ಇನ್‌ಸ್ಪೆಕ್ಟರ್ ಕ್ಲೈಂಟಿನ ಮನುಷ್ಯ, ಒಮಾನಿ. ಅವನನ್ನು ಬಾಗಿಲಿನಿಂದ ಹೊರಗೆ ಹಾಕುವುದೆಂದರೆ ಮನೆಯ ಯಜಮಾನನನ್ನೇ ಹಾಕಿದ ಹಾಗೆ. ನನಗೆ ಅರವತ್ತು ದಾಟಿದೆ. ವರ್ಷ ವರ್ಷ ವೀಸಾ ಹೊಸದು ಮಾಡಿಸುವಾಗ ಅದಕ್ಕೆ ಸಹಿ ಹಾಕುವ ಒಮಾನಿ ಕಫೀಲ್ ಆಗಲೇ ಮುಖ ಸಿಂಡರಿಸುತ್ತಾನೆ. ಒಂದು ದೂರು ಹೋದರೆ ಸಾಕು. ಮತ್ತೆ ನಾನು ತಪ್ಪಿದ್ದರೆ? ಆ ಮಣ್ಣಿಗೆ ಇಷ್ಟೇ ಆಳ ಸಾಕೆಂದು ಹುಡುಗಿಯೇ ಮವಾಲೇಹ್‌ನ ಹಾಳೆ ಬಳಸಿದ್ದರೆ? ನಾಲ್ಕನೇ ಕ್ಲಾಸಿನವಳು ಎಂಜಿನಿಯರುಗಳ ಕೆಲಸ ನಿಲ್ಲಿಸಿದಳು ಎಂದಾಗುತ್ತದೆ. ಗಡಿಯಾರ ನೋಡುತ್ತ ಒಂದೂವರೆಯ ತನಕ ಕೂತಿದ್ದೆ. ಧೈರ್ಯ ಬರಲೇ ಇಲ್ಲ. ಬರುವುದಿಲ್ಲ ಎಂದು ಗೊತ್ತಾದ ಮೇಲೆ ಎದ್ದೆ.

ಒಬ್ಬೊಬ್ಬರನ್ನೇ ತೆಗೆದೆ. ಒಬ್ಬರನ್ನು ಬಿಟ್ಟರೂ ಅವರು ಇನ್ನೊಬ್ಬರಿಗೆ ಹಂಚಬಹುದು. ಕಂಟ್ರಾಕ್ಟರನ ಎಂಜಿನಿಯರ್, ಕಬ್ಬಿಣದವನು, ಕ್ಲೈಂಟಿನ ಆಫೀಸಿನ ಇಬ್ಬರು, ಕೊನೆಗೆ ಇನ್‌ಸ್ಪೆಕ್ಟರ್. ಒಟ್ಟು ಹತ್ತು ಹೆಸರು. ಹತ್ತು ಸಲವೂ ಕೆಂಪು ಬಟನಿನ ಅಕ್ಷರ ಓದಿದೆ. ಉಳಿದದ್ದು ನಾನು, ಹುಡುಗಿ, ಮ್ಯಾನೇಜರು. ಮ್ಯಾನೇಜರನ್ನು ತೆಗೆಯಲು ನನ್ನಿಂದ ಆಗುವುದಿಲ್ಲ, ಅವರು ಎಲ್ಲರಿಗಿಂತ ಮೇಲೆ. ಅವರಿಗೆ ದಾರಿಯಲ್ಲಿ ಒಂದು ನಿಮಿಷ ನೆಟ್‌ವರ್ಕ್ ಸಿಕ್ಕಿದರೂ ಎಲ್ಲರನ್ನೂ ವಾಪಸ್ ಸೇರಿಸಿಬಿಡಬಹುದು. ನೆಟ್‌ವರ್ಕ್ ಸಿಗದಿರಲಿ ಎಂದು ಜಪಸರ ಹಿಡಿದು ಕೂತೆ. ಮಕ್ಕಳಿರುವ ಕಾರು ಮರುಭೂಮಿಯಲ್ಲಿರುವಾಗ ಹಾಗೆ ಬೇಡಬಾರದು. ಬೇಡಿದೆ.

ಮೂರು ಗಂಟೆ ಐದು ನಿಮಿಷಕ್ಕೆ ಫೋರ್‌ಮನ್. "ಖಾಲಾ, ಇನ್‌ಸ್ಪೆಕ್ಟರ್ ಟ್ಯಾಬಿನಲ್ಲಿ ಪ್ರಾಜೆಕ್ಟೇ ಇಲ್ಲ. ಈಗ ನೆಟ್ ಬಂದ ಕೂಡಲೇ ನನ್ನದೂ ಖಾಲಿ ಆಯಿತು. ಏನು ಮಾಡಿದಿರಿ?"

"ಫೋನು ಅವನಿಗೆ ಕೊಡು."

ಇನ್‌ಸ್ಪೆಕ್ಟರ್ ಹಿಂದಿಯಲ್ಲೇ ಕೇಳಿದ. "ಪ್ರಾಜೆಕ್ಟ್ ಎಲ್ಲಿ?"

"ನಾನು ಮುಚ್ಚಿದ್ದೇನೆ. ಎಸ್ ಐದು ಬೇರೆ ಕಟ್ಟಡದ್ದು. ಆಳ ಸಾಲದು."

"ನೀನು ಎಂಜಿನಿಯರಾ?"

"ಅಲ್ಲ. ಹಾಳೆ ಹಂಚುವವಳು."

"ಮ್ಯಾನೇಜರ್ ಹೇಳಿದನಾ ಮುಚ್ಚಲು?"

ಹೌದು ಎಂದರೆ ಮುಗಿಯುತ್ತಿತ್ತು. "ಇಲ್ಲ. ಅವರು ಕೈ ಹಾಕಬೇಡ ಎಂದರು. ಹಳೆಯ ಹಾಳೆ ಒಳಗೆ ಬಂದದ್ದು ನನ್ನ ಕೈಯಿಂದ. ಅದಕ್ಕೆ ನಾನೇ ಮುಚ್ಚಿದೆ."

ಅವನು ಯಾರಿಗೋ ಅರಬ್ಬಿಯಲ್ಲಿ ಏನೋ ಹೇಳಿ, ನನಗೆ, "ಹಾಳೆ ಇಲ್ಲ, ಸಹಿ ಇಲ್ಲ. ಇವತ್ತು ಖಲಾಸ್" ಎಂದು ಫೋನು ವಾಪಸ್ ಕೊಟ್ಟ. ಬೈದನೋ ಒಪ್ಪಿದನೋ ಗೊತ್ತಾಗಲಿಲ್ಲ.

ಅಲ್ಲಿಗೆ ಹೆದರಿಕೆ ಕಡಿಮೆ ಆಗಬೇಕಿತ್ತು. ಆಗಲಿಲ್ಲ. ನಾನು ಹೇಳಿದ್ದು ಸರಿಯೋ ಎಂಬುದು ಇನ್ನೂ ಆಕಾಶದಲ್ಲಿತ್ತು.

ನಾಲ್ಕರ ಹೊತ್ತಿಗೆ ಹುಡುಗಿಯ ಫೋನ್ ಬಂತು. ಒಳಗೆ ಕೂರಿಸಿ ವಿಮಾನ ತಡವಾಗಿ ಹೊರಟಿತಂತೆ, ಈಗಷ್ಟೇ ಮಂಗಳೂರಿನಲ್ಲಿ ಇಳಿದಿದ್ದಳು. ಸುತ್ತ ಟ್ರಾಲಿಗಳ ಸದ್ದು.

"ಬಾಯಮ್ಮ, ನಿಮ್ಮ ಮೆಸೇಜ್ ಕೇಳಿದೆ. ನಿಜ ಹೇಳಿ, ಕಾಂಕ್ರೀಟ್ ಹಾಕಿದ್ರಾ?"

"ಇಲ್ಲ."

ಅವಳು ಅಲ್ಲೇ ಎಲ್ಲೋ ಕೂತಳು ಅಂತ ಕಾಣುತ್ತದೆ, ಸ್ವರ ಕೆಳಗಿನಿಂದ ಬಂದ ಹಾಗಿತ್ತು. "ನನ್ನ ಎಸ್ ಐದು ನನ್ನ ಹತ್ರನೇ ಇದೆ ಬಾಯಮ್ಮ. ಉಳಿದದ್ದನ್ನೆಲ್ಲ ಹಂಚೋ ಫೋಲ್ಡರಿಗೆ ಹಾಕಿದೆ, ಹಳೇದರ ಮೇಲೆ ಕೂತ್ಕೊಂಡ್ವು. ಇದೊಂದು ಕೊನೆಗೆ ಮಾಡಿದ್ದು. ಮಂಜೂರಿಗೆ ಕಳಿಸೋ ಗಡಿಬಿಡಿ. ಫೋಲ್ಡರಲ್ಲಿ ಐದು ಅಂತ ಕಾಣ್ತಿತ್ತು, ಹಾಕಿದೀನಿ ಅಂದ್ಕೊಂಡೆ."

"ನಿನ್ನದರಲ್ಲಿ ಆಳ ಎಷ್ಟು?"

"ಎರಡು ಮೀಟರು ಹತ್ತು. ಕೆಳಗೆ ಕಲ್ಲಿನ ಪದರ ಬೇರೆ."

ಅವಳು ಮೂಗು ಎಳೆದುಕೊಂಡಳು. "ಅಳಬೇಡ. ಮೊದಲು ಹಾಳೆ ಹಾಕು. ಅಪ್ಪ ಅಮ್ಮ ಹೊರಗೆ ಕಾಯಲಿ" ಎಂದೆ. ಏರ್‌ಪೋರ್ಟಿನ ನೆಲದಲ್ಲೇ ಲ್ಯಾಪ್‌ಟಾಪ್ ತೆಗೆದು ಹಾಕಿದಳು.

ಭಾನುವಾರ ಬೆಳಿಗ್ಗೆ ಮ್ಯಾನೇಜರು ಸಲಾಲಾದಿಂದ ಫೋನ್ ಮಾಡಿದರು. ಬೈಗುಳ ತಿನ್ನಲು ತಯಾರಾಗಿ ನಿಂತೇ ಮಾತಾಡಿದೆ. ಅವರು ಬೈಯಲಿಲ್ಲ. ಎರಡೂ ಹಾಳೆ ನೋಡಿದ್ದರು.

"ಬಾಯಮ್ಮ, ಕ್ಲೈಂಟಿಗೆ ಸಾಫ್ಟ್‌ವೇರಿನ ತೊಂದರೆ ಅಂತ ಹೇಳುವ. ಟಿಕ್ಕಿನ ವಿಷಯ ಹೊರಗೆ ಹಾಕುದು ಬೇಡ."

"ಇನ್‌ಸ್ಪೆಕ್ಟರಿಗೆ ಹೇಳಿ ಆಯ್ತು ಸಾರ್, ನನ್ನ ಕೈಯಿಂದ ಆದದ್ದು ಅಂತ."

"ಎಂತಕ್ಕೆ ಹೇಳಿದ್ದು ಮಾರಾಯ್ತಿ?"

"ಕೇಳಿದ. ಹೇಳಿದೆ."

"ಸರಿ, ಎಲ್ಲರನ್ನೂ ವಾಪಸ್ ಸೇರಿಸಿ" ಎಂದರು. ಮುಂದಿನ ವರ್ಷದ ವೀಸಾ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅದು ಈಗಲೂ ಹಾಗೇ ಇದೆ.

ಮೊದಲು ಫೋರ್‌ಮನ್ ಒಬ್ಬನನ್ನೇ ಸೇರಿಸಿ ಫೋನ್ ಮಾಡಿದೆ.

"ಎಸ್ ಐದು ತೆರೆ. ಆಳ ಓದು. ಅಂಕೆ ಅಂಕೆ ಬಿಡಿಸಿ ಓದು."

"ಎರಡು. ಒಂದು. ಸೊನ್ನೆ. ಸೊನ್ನೆ."

"ಗೋಡೆ ಇದೆಯಾ?"

"ಇಲ್ಲ ಖಾಲಾ."

"ಇನ್ನೊಮ್ಮೆ ಓದು."

ಓದಿದ. ಆಮೇಲೆ ಉಳಿದವರನ್ನು ಒಬ್ಬೊಬ್ಬರಾಗಿ ಸೇರಿಸಿದೆ, ಇನ್‌ಸ್ಪೆಕ್ಟರನ್ನು ಕೊನೆಗೆ. ಫೋನು ಇಡುವ ಮೊದಲು ಫೋರ್‌ಮನ್ ಹೇಳಿದ: "ಕಟ್ಟಿದ ಕಬ್ಬಿಣ ಎಲ್ಲ ಬಿಚ್ಚಬೇಕು, ಇನ್ನೂ ಒಂದು ಮೀಟರಿನಷ್ಟು ಅಗೆಯಬೇಕು. ಈ ಗಾಳಿಯಲ್ಲಿ, ಈ ಮರಳಿನಲ್ಲಿ. ನಾಳೆ ಈ ವಸತಿಯಲ್ಲೇ ಇರಲಿಕ್ಕೆ ಬರುವ ಹುಡುಗರೇ ಅಗೆಯುವವರು. ಬೆಳಿಗ್ಗೆಯಿಂದ ಎಲ್ಲರೂ ನಿಮ್ಮನ್ನೇ ಬಯ್ಯುತ್ತಿದ್ದಾರೆ ಖಾಲಾ."

"ಬಯ್ಯಲಿ" ಎಂದೆ. "ಅಗೆಯಲು ಹೇಳು."